ಮಲೆನಾಡಿನ ಮಳೆಯಲ್ಲಿ ಪುಷ್ಪಕ್ ಕಟ್ಟಿದ್ದು

ರಿಮೋಟ್‌ನಿಂದ ಹಾರಿಸುವ ಮಾದರಿ ವಿಮಾನ ಕಟ್ಟುವವರು ಹೆಚ್ಚಾಗಿ ಅಮೆರಿಕದ ಸಣ್ಣ ವಿಮಾನ ಪೈಪರ್ ಕಬ್ ಆರಿಸಿಕೊಳ್ಳುತ್ತಾರೆ. ನನಗೆ ಎಚ್‌ಎಎಲ್ ಪುಷ್ಪಕ್ ಬೇಕಿತ್ತು. ಬೆಂಗಳೂರಿನಲ್ಲೇ ತಯಾರಾದ ವಿಮಾನ, ಅಲ್ವಾ? 1958ರ ಸೆಪ್ಟೆಂಬರ್ 28ರಂದು ಮೊದಲ ಸಲ ಹಾರಿತು. ಸುಮಾರು 160 ತಯಾರಾಗಿ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು.

ನಕ್ಷೆ ಹುಡುಕುತ್ತಾ ಹೋದರೆ ದಾರಿ ಅಮೆರಿಕದ ಏರೋಂಕಾ ಕಂಪನಿಗೆ ಮುಟ್ಟುತ್ತದೆ. 1928ರಲ್ಲಿ ಸಿನ್ಸಿನಾಟಿಯಲ್ಲಿ ಶುರುವಾದ ಸಣ್ಣ ಕಂಪನಿ ಅದು. ಮೊದಲ ವಿಮಾನ ಸಿ-2ಕ್ಕೆ ಒಂದೇ ಸೀಟು, ಎರಡೇ ಸಿಲಿಂಡರಿನ ಎಂಜಿನ್. ಅದರ ಡೊಳ್ಳುಹೊಟ್ಟೆ ನೋಡಿ ಜನ 'ಹಾರುವ ಬಾತ್‌ಟಬ್' ಅಂದರು! 1937ರ ಪ್ರವಾಹ ಕಂಪನಿಗೆ ದೊಡ್ಡ ಪೆಟ್ಟು ಕೊಟ್ಟಿತು. ಆಮೇಲೆ ಅದು ಮಿಡ್ಲ್‌ಟೌನ್‌ಗೆ ಹೋಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಚೀಫ್, ಚಾಂಪಿಯನ್ ಎಂಬ ಎರಡು ಸೀಟಿನ ವಿಮಾನಗಳನ್ನು ತಂದಿತು. 1951ರಲ್ಲಿ ಸಣ್ಣ ವಿಮಾನ ಕಟ್ಟುವುದನ್ನೇ ನಿಲ್ಲಿಸಿತು. ಏಳು ವರ್ಷದ ಮೇಲೆ ಚೀಫ್‌ನ ವಿನ್ಯಾಸವೇ ಹೆಚ್ಚು ಬದಲಾಗದೆ ಪುಷ್ಪಕ್ ಆಗಿ ಹಾರಿತು. ಚೀಫ್ ಅಂದರೆ ಬೆಸುಗೆ ಹಾಕಿದ ಉಕ್ಕಿನ ಪೈಪಿನ ಒಡಲು, ರೆಕ್ಕೆಯೊಳಗೆ ಮರದ ತೊಲೆ, ಮೇಲೆ ಬಟ್ಟೆ. ರಿಪೇರಿಗೆ ದೊಡ್ಡ ಕಾರ್ಖಾನೆ ಬೇಡ. ಕ್ಲಬ್‌ಗಳಿಗೆ ಇಂಥದ್ದೇ ಬೇಕಿತ್ತು ಅಂತ ನನಗನಿಸುತ್ತದೆ.

ನಿಜವಾದ ಪುಷ್ಪಕ್‌ನ ರೆಕ್ಕೆ ತುದಿಯಿಂದ ತುದಿಗೆ 36 ಅಡಿ. ನಾನು ಆರನೇ ಒಂದು ಪಾಲಿಗೆ ಇಳಿಸಿದೆ, ಅಂದರೆ ಆರಡಿ. ರೆಕ್ಕೆಯ ಪಕ್ಕೆಲುಬುಗಳಿಗೆ ಬಾಲ್ಸಾ ಎಂಬ ತುಂಬಾ ಹಗುರ ಮರ, ರೆಕ್ಕೆಗೆ ಆಸರೆ ಕೊಡುವ ಕಡ್ಡಿಗೆ ನಮ್ಮೂರ ಬಿದಿರು.

ಕಷ್ಟ ಇರುವುದು ಬಟ್ಟೆ ಹೊದಿಸುವುದರಲ್ಲಿ. ತೆಳು ಬಟ್ಟೆ ಅಂಟಿಸಿ ಡೋಪ್ ಎಂಬ ವಾರ್ನಿಷ್‌ನಂಥ ದ್ರವ ಬಳಿದರೆ, ಒಣಗುತ್ತಾ ಬಟ್ಟೆ ಬಿಗಿಯಾಗುತ್ತದೆ. ಆದರೆ ಡೋಪ್‌ನಲ್ಲಿರುವ ತಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲೇ ಕೂತು ಬೂದಿ ಹಿಡಿದಂತೆ ಬೆಳ್ಳಗಾಗುತ್ತದೆ. ಬಿಗಿಯೂ ಸರಿಯಾಗಿ ಬರುವುದಿಲ್ಲ. ಶಿವಮೊಗ್ಗದ ಆಷಾಢದಲ್ಲಿ ಡೋಪ್ ಡಬ್ಬಿ ತೆರೆಯುವುದೇ ಬೇಡ. ಮಳೆಗಾಲದಲ್ಲಿ ಮರದ ಕೆಲಸ, ದೀಪಾವಳಿ ಕಳೆದ ಮೇಲೆ ಬಿಸಿಲಿರುವ ಮಧ್ಯಾಹ್ನ ಡೋಪ್. ಬಾಲ್ಸಾ ಹಲಗೆಗಳನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ, ಭಾರ ಹೇರಿ ಚಪ್ಪಟೆಯಾಗಿ ಇಡುತ್ತೇನೆ. ಸುಮ್ನೆ ಗೋಡೆಗೆ ಒರಗಿಸಿದರೆ ಬಾಗುತ್ತವೆ. ರೆಕ್ಕೆಯನ್ನೂ ಅಷ್ಟೇ, ಡೋಪ್ ಪೂರ್ತಿ ಒಣಗುವವರೆಗೆ ಹಲಗೆಗೆ ಬಿಗಿದಿಡಬೇಕು. ಇಲ್ಲದಿದ್ದರೆ ತಿರುಚಿಕೊಳ್ಳುತ್ತದೆ.

ಮೂತಿ ಗಿಡ್ಡ, ಆದ್ದರಿಂದ ಬಾಲ ಭಾರವಾಗುತ್ತದೆ. ಬ್ಯಾಟರಿಯನ್ನು ಆದಷ್ಟು ಮುಂದಕ್ಕೆ ತಳ್ಳಿದರೆ ತೂಕ ಸರಿದೂಗಿಸಲು ಮೂತಿಗೆ ಸೀಸ ಕಟ್ಟುವುದು ತಪ್ಪುತ್ತದೆ.

ಹಾರಿಸುವುದು ಭತ್ತದ ಕೊಯ್ಲಾದ ಗದ್ದೆಯಲ್ಲಿ, ಬೆಳಿಗ್ಗೆ ಗಾಳಿ ಏಳುವ ಮೊದಲು. ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆ ಕಡೆ ಹೋಗುವುದಿಲ್ಲ, 2023ರಿಂದ ಅಲ್ಲಿ ದೊಡ್ಡ ವಿಮಾನಗಳು ಇಳಿಯುತ್ತವೆ. ನಮ್ಮದು ಇಳಿಯುವಾಗ ಗದ್ದೆಯ ಬದುವಿನ ಮೇಲೆ ಕಣ್ಣಿರಲಿ. ಚಕ್ರ ಸಿಕ್ಕಿಕೊಂಡರೆ ಪ್ರೊಪೆಲ್ಲರ್ ಹೋಯಿತು ಅಂತಲೇ ಲೆಕ್ಕ.