ಲಿಸ್ಟಿಂಗ್ ರದ್ದಾಯ್ತಾ? ಹೊಸದು ಹಾಕುವ ಮೊದಲು ಇದನ್ನು ಓದಿ

ಬೆಳಿಗ್ಗೆ ಅಮೆಜಾನ್, ಫ್ಲಿಪ್‌ಕಾರ್ಟ್ ಥರದ ಮಾರಾಟದ ಆ್ಯಪ್ ತೆರೆದರೆ ಅಪ್ಪೆಮಿಡಿ ಉಪ್ಪಿನಕಾಯಿಯ ಪಕ್ಕ ಕೆಂಪು ಅಕ್ಷರದಲ್ಲಿ ‘ಬ್ಲಾಕ್ಡ್’ ಅಂತ ಇರುತ್ತದೆ. ನಿನ್ನೆ ರಾತ್ರಿವರೆಗೂ ಆರ್ಡರ್ ಬರುತ್ತಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮನೆಯಿಂದಲೇ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೇನುತುಪ್ಪ, ಕಾಳುಮೆಣಸು, ಹಾಳೆತಟ್ಟೆ ಮಾರುವವರಿಗೆ ಈ ತಲೆನೋವು ಗೊತ್ತಿದ್ದದ್ದೇ. ಗಾಬರಿಯಲ್ಲಿ ಹಲವರು ಅದೇ ಫೋಟೊ, ಅದೇ ಹೆಸರು ಹಾಕಿ ಹೊಸ ಲಿಸ್ಟಿಂಗ್ (ಸಾಮಾನು ಮಾರಾಟಕ್ಕಿಡುವ ಪುಟ) ಮಾಡಿಬಿಡುತ್ತಾರೆ. ಅದನ್ನಂತೂ ಮಾಡಬೇಡಿ. ತಡೆದ ಸಾಮಾನನ್ನು ಹಿಂಬಾಗಿಲಿನಿಂದ ಒಳಗೆ ತಂದಿರಿ ಅಂತ ಕಂಪನಿಯವರು ಲೆಕ್ಕ ಹಾಕುತ್ತಾರೆ. ಆಮೇಲೆ ಇಡೀ ಖಾತೆಗೇ ಕುತ್ತು.

ಮೊದಲು ನೋಟಿಸನ್ನು ಪೂರ್ತಿ ಓದಿ

ರದ್ದು ಅಂತ ನಾವು ಹೇಳುವುದರಲ್ಲಿ ನಾಲ್ಕೈದು ಬೇರೆ ಬೇರೆ ಸಂಗತಿ ಇರುತ್ತವೆ. ಸ್ಟಾಕ್ ಸೊನ್ನೆಯಾಗಿ ಲಿಸ್ಟಿಂಗ್ ಮಲಗಿರಬಹುದು. ಯಾವುದೋ ಮಾಹಿತಿ ಬಿಟ್ಟುಹೋಗಿ ಹುಡುಕಾಟದಲ್ಲಿ ಕಾಣದೆ ಇರಬಹುದು. ಗ್ರಾಹಕರ ದೂರು ಬಂದಿರಬಹುದು. ನಿಯಮ ಮುರಿದಿರಿ ಅಂತ ತಡೆದಿರಬಹುದು. ಅಮೆಜಾನ್‌ನಲ್ಲಿ ‘ಅಕೌಂಟ್ ಹೆಲ್ತ್’ ಪುಟ, ಫ್ಲಿಪ್‌ಕಾರ್ಟ್‌ನಲ್ಲಿ ‘ಸೆಲ್ಲರ್ ಹಬ್’, ಮೀಶೋದಲ್ಲಿ ‘ಸಪ್ಲೈಯರ್ ಪ್ಯಾನೆಲ್’ ತೆರೆದು ಕಾರಣ ಏನು ಬರೆದಿದ್ದಾರೆ ನೋಡಿ. ಇಮೇಲ್‌ನ ಸ್ಪ್ಯಾಮ್ ಡಬ್ಬಿಯನ್ನೂ ಒಮ್ಮೆ ಹುಡುಕಿ. ಸಿಕ್ಕಿದ್ದನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದಿಡಿ. ತಾರೀಕು, ಕೇಸ್ ನಂಬರ್ ಕಾಣುವ ಹಾಗಿರಲಿ. ನಾಲ್ಕು ದಿನ ಬಿಟ್ಟು ಅದೇ ಪುಟ ಹಾಗೇ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಬಾಟಲಿ ಕೈಗೆತ್ತಿಕೊಳ್ಳಿ

ತಿನ್ನುವ ಪದಾರ್ಥದ ಲಿಸ್ಟಿಂಗ್ ಬಿದ್ದರೆ ನನ್ನ ಮೊದಲ ಅನುಮಾನ ಲೇಬಲ್ ಮೇಲೆ. ಒಂದು ಬಾಟಲಿ ಎದುರಿಗಿಟ್ಟುಕೊಂಡು, ಮೊಬೈಲ್‌ನಲ್ಲಿ ಲಿಸ್ಟಿಂಗ್ ತೆರೆದು, ಒಂದೊಂದೇ ಸಾಲು ತಾಳೆ ಹಾಕಿ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಟ್ಟ ನಂಬರ್‌ನಲ್ಲಿ 14 ಅಂಕಿ ಇರಬೇಕು. ಎಣಿಸಿ ನೋಡಿ, ಎಣ್ಣೆ ತಾಗಿ ಕೊನೆಯ ಎರಡು ಅಂಕಿ ಅಳಿಸಿಹೋಗಿರುವುದು ಅಪರೂಪವಲ್ಲ. ಅದು ಇನ್ನೂ ಚಾಲ್ತಿಯಲ್ಲಿದೆ ತಾನೇ? ಆ ಪ್ರಾಧಿಕಾರದ ಫಾಸ್ಕೋಸ್ ಜಾಲತಾಣದಲ್ಲಿ ನಂಬರ್ ಹಾಕಿದರೆ ತಕ್ಷಣ ಗೊತ್ತಾಗುತ್ತದೆ. ನೋಂದಣಿ ಅತ್ತೆಯವರ ಹೆಸರಲ್ಲಿದ್ದು ಮಾರಾಟದ ಖಾತೆ ಸೊಸೆಯ ಹೆಸರಲ್ಲಿದ್ದರೂ ತಕರಾರು ಬರುತ್ತದೆ.

ತೂಕದ ವಿಷಯವೂ ಹಾಗೇ. ಲಿಸ್ಟಿಂಗ್‌ನಲ್ಲಿ 500 ಗ್ರಾಂ ಅಂತ ಇದೆ, ಬಾಟಲಿ ಮೇಲೆ 450. ಮಿಡಿಯದ್ದೇ ತೂಕವೋ, ರಸ ಸೇರಿಸಿಯೋ ಅನ್ನುವ ಗೊಂದಲದಲ್ಲಿ ಎರಡು ಕಡೆ ಎರಡು ಲೆಕ್ಕ ಬಿದ್ದಿರುತ್ತದೆ. 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ದೂರು ಹೇಳಲು ಫೋನ್ ನಂಬರ್ ಪೊಟ್ಟಣದ ಮೇಲೆ ಬೇಕೇ ಬೇಕು. 2018ರ ಜನವರಿ 1ರಿಂದ ಇವೇ ವಿವರಗಳು ಆನ್‌ಲೈನ್ ಪುಟದಲ್ಲೂ ಕಾಣಬೇಕು. ಬಾಟಲಿ ಮೇಲೆ ಎಲ್ಲ ಸರಿಯಿದ್ದು ಪುಟದಲ್ಲಿ ವಿಳಾಸ ತುಂಬದೆ ಬಿಟ್ಟರೂ ಲಿಸ್ಟಿಂಗ್ ನಿಲ್ಲಬಹುದು.

ಲೇಬಲ್ ಫೋಟೊ ಕೇಳುತ್ತಾರಲ್ಲ, ಅದಕ್ಕೊಂದು ಉಪಾಯ. ದುಂಡು ಬಾಟಲಿಗೆ ಅಂಟಿಸಿದ ಲೇಬಲ್ ಫೋಟೊದಲ್ಲಿ ಅರ್ಧ ಮಾತ್ರ ಕಾಣುತ್ತದೆ, ಗಾಜು ಬೇರೆ ಹೊಳೆಯುತ್ತದೆ. ಅಂಟಿಸದ ಒಂದು ಲೇಬಲನ್ನು ಜಗಲಿಯ ನೆರಳಲ್ಲಿ ಚಪ್ಪಟೆಯಾಗಿ ಇಟ್ಟು ತೆಗೆಯಿರಿ. ಜೊತೆಗೆ ಅಂಟಿಸಿದ ಬಾಟಲಿಯ ಫೋಟೊ ಸುತ್ತಲಿಂದ ಮೂರು ಇರಲಿ.

ಹೊಗಳಿಕೆಯೇ ಕುತ್ತಾಗುವುದು

ಮುರುಗಲು ಸಿಪ್ಪೆ ಮಾರುವವರು ‘ಬೊಜ್ಜು ಕರಗುತ್ತದೆ’ ಅಂತ ಬರೆಯುತ್ತಾರೆ. ಜೇನು ಮಾರುವವರು ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಅನ್ನುತ್ತಾರೆ. ಅಜ್ಜಿ ಹೇಳಿದ್ದು ನಿಜವೇ ಇರಬಹುದು, ಆದರೆ ಬರೆಯುವ ಹಾಗಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹವೂ ಇದೆ, ಬೊಜ್ಜೂ ಇದೆ. ಇವನ್ನು ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವುದೇ ತಪ್ಪು. ‘100% ಶುದ್ಧ’ ಅನ್ನುವುದನ್ನೂ ತೆಗೆದುಬಿಡಿ. ಆಹಾರದ ಲೇಬಲ್ ಮತ್ತು ಜಾಹೀರಾತಿನಲ್ಲಿ ಈ ಮಾತು ಬಳಸಬೇಡಿ ಅಂತ ಎಫ್‌ಎಸ್‌ಎಸ್‌ಎಐ 2025ರ ಮೇ ತಿಂಗಳಲ್ಲೇ ಸೂಚನೆ ಕೊಟ್ಟಿದೆ. ಇನ್ನು ‘ಸಾವಯವ’. ತೋಟಕ್ಕೆ ಒಂದು ಹಿಡಿ ರಾಸಾಯನಿಕ ಗೊಬ್ಬರ ಹಾಕದಿದ್ದರೂ ಆನ್‌ಲೈನ್‌ನಲ್ಲಿ ಆ ಪದಕ್ಕೆ ಎನ್‌ಪಿಒಪಿ ಇಲ್ಲವೇ ಪಿಜಿಎಸ್ ಎಂಬ ಸಾವಯವ ಪ್ರಮಾಣಪತ್ರ ಕೇಳುತ್ತಾರೆ. ಪತ್ರ ಇಲ್ಲದಿದ್ದರೆ ‘ನಮ್ಮ ತೋಟದ ಕಾಳುಮೆಣಸು’ ಅಂತ ಹಾಕಿ. ಓದಲಿಕ್ಕೂ ಅದೇ ಚೆಂದ.

ಪದ ತೆಗೆಯುವಾಗ ಶೀರ್ಷಿಕೆ, ವಿವರಣೆ, ಫೋಟೊ ಮೇಲಿನ ಬರಹ, ಹುಡುಕಾಟಕ್ಕೆ ಕೊಟ್ಟ ಪದಗಳು, ಎಲ್ಲ ಕಡೆ ನೋಡಬೇಕು. ಫೋಟೊದೊಳಗಿನ ಅಕ್ಷರವನ್ನೂ ಯಂತ್ರ ಓದುತ್ತದೆ.

ಜಿಎಸ್‌ಟಿ

ಸತತ 6 ತಿಂಗಳು ರಿಟರ್ನ್ ಹಾಕದಿದ್ದರೆ ಇಲಾಖೆ ನೋಂದಣಿಯನ್ನು ರದ್ದು ಮಾಡಬಹುದು. ಅದರ ಹಿಂದೆಯೇ ಲಿಸ್ಟಿಂಗ್‌ಗಳೂ ಹೋಗುತ್ತವೆ. ಹಾಗಾಗಿದ್ದರೆ ಕಂಪನಿಗೆ ಎಷ್ಟು ಬರೆದರೂ ವ್ಯರ್ಥ. ರದ್ದತಿ ಆದೇಶ ಕೈಸೇರಿದ 90 ದಿನದೊಳಗೆ ನೋಂದಣಿ ಮರಳಿ ಕೊಡಿ ಅಂತ ಅರ್ಜಿ ಹಾಕಿ. ಮೊದಲು ಶಿವಮೊಗ್ಗದ ನಿಮ್ಮ ತೆರಿಗೆ ಸಲಹೆಗಾರರನ್ನು ಕಾಣಿ. 2023ರ ಅಕ್ಟೋಬರ್‌ನಿಂದ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿ ಇಲ್ಲದೆ, ಬರೀ ಎನ್‌ರೋಲ್‌ಮೆಂಟ್ ನಂಬರ್ ಪಡೆದು ಆನ್‌ಲೈನ್‌ನಲ್ಲಿ ಸಾಮಾನು ಮಾರಬಹುದು. ಆದರೆ ರಾಜ್ಯದೊಳಗೆ ಮಾತ್ರ. ಮುಂಬೈಗೆ ಹಪ್ಪಳ ಕಳಿಸಬೇಕು ಅಂದರೆ ಆ ದಾರಿ ನಡೆಯದು.

ಕೆಲವನ್ನು ಬಿಟ್ಟುಬಿಡಿ

ಎಲ್ಲ ಲಿಸ್ಟಿಂಗೂ ವಾಪಸ್ ಬರುವುದಿಲ್ಲ. ಅಟ್ಟದ ಮೇಲಿನ ಹಳೇ ಜಿಂಕೆ ಕೊಂಬನ್ನು ‘ಅಲಂಕಾರಕ್ಕೆ’ ಅಂತ ಮಾರಲು ಹೋದರೆ ಲಿಸ್ಟಿಂಗ್ ಹೋಗುವುದು ದೊಡ್ಡ ವಿಷಯವೇ ಅಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೆನ್ನು ಹತ್ತುತ್ತದೆ. ಗಂಧ, ಬೀಟೆಯ ಕೆತ್ತನೆ ಕೆಲಸಕ್ಕೆ ಮರ ಎಲ್ಲಿಂದ ತಂದಿರಿ ಅನ್ನುವ ಬಿಲ್ ಇಲ್ಲದೆ ಮುಂದೆ ಹೋಗಬೇಡಿ. ಹಾಳೆತಟ್ಟೆಯವರಿಗೂ ಒಂದು ಮಾತು. ಅಡಿಕೆ ಹಾಳೆಯ ತಟ್ಟೆ ಬಟ್ಟಲು ಆಹಾರಕ್ಕೆ ಬಳಸಲು ಸುರಕ್ಷಿತವೆಂದು ಒಪ್ಪಲಾಗದು ಅಂತ ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ 2025ರಲ್ಲಿ ಹೇಳಿದೆ. ಆ ದೇಶಕ್ಕೆ ಹಾಕಿದ ಲಿಸ್ಟಿಂಗ್ ಬಿದ್ದಿದ್ದರೆ ಮನವಿ ಬರೆದು ಕೂರುವ ಬದಲು ಇಲ್ಲಿನ ಮದುವೆ ಮನೆಗಳ ಕಡೆ ನೋಡುವುದು ಜಾಣತನ.

ಮನವಿ ಬರೆಯುವುದು ಹೇಗೆ?

ಮೊದಲು ತಪ್ಪು ಸರಿಮಾಡಿ, ಆಮೇಲೆ ಬರೆಯಿರಿ. ‘ಸರಿಮಾಡುತ್ತೇವೆ’ ಅನ್ನುವುದಕ್ಕಿಂತ ‘ಸರಿಮಾಡಿದ್ದೇವೆ, ಫೋಟೊ ಲಗತ್ತಿಸಿದೆ’ ಅನ್ನುವುದಕ್ಕೆ ತೂಕ ಜಾಸ್ತಿ. ಅಮೆಜಾನ್ ಕೇಳುವ ‘ಪ್ಲ್ಯಾನ್ ಆಫ್ ಆ್ಯಕ್ಷನ್’ನಲ್ಲಿ ಮೂರು ವಿಷಯ ಇರಬೇಕು: ಯಾಕೆ ಹೀಗಾಯಿತು, ಈಗ ಏನು ಮಾಡಿದಿರಿ, ಮುಂದೆ ಆಗದ ಹಾಗೆ ಏನು ಮಾಡುತ್ತೀರಿ. ಬೇರೆ ಕಡೆಯೂ ಇದೇ ಅಚ್ಚು ನಡೆಯುತ್ತದೆ. ಸೋರುವ ಬಾಟಲಿಯ ದೂರಿಗೆ ಮನವಿ ಹೀಗಿರಬಹುದು:

‘ಕೇಸ್ ನಂಬರ್ ಇಂಥದ್ದು. ಬಾಟಲಿಯ ಮುಚ್ಚಳದ ಕೆಳಗೆ ಸೀಲ್ ಇರಲಿಲ್ಲ. ಸಾಗಣೆಯಲ್ಲಿ ರಸ ಸೋರಿದೆ. ಉಳಿದ ಸ್ಟಾಕನ್ನೆಲ್ಲ ಹೊಸ ಸೀಲ್ ಹಾಕಿ ಪ್ಯಾಕ್ ಮಾಡಿದ್ದೇವೆ. ಫೋಟೊ ಮತ್ತು ಸೀಲ್ ಖರೀದಿಸಿದ ಬಿಲ್ ಲಗತ್ತಿಸಿದೆ. ಇನ್ನು ಮುಂದೆ ಪ್ರತಿ ಬಾಟಲಿಯನ್ನು ಒಂದು ರಾತ್ರಿ ತಲೆಕೆಳಗಾಗಿ ಇಟ್ಟು ನೋಡಿದ ಮೇಲೆ ಕಳಿಸುತ್ತೇವೆ.’

ಅಷ್ಟು ಸಾಕು. ಹತ್ತು ವರ್ಷದ ಕಷ್ಟ, ಬ್ಯಾಂಕ್ ಸಾಲ, ಕೊರಿಯರ್ ಹುಡುಗನ ತಪ್ಪು, ಯಾವುದೂ ಬೇಡ. ಓದುವವರಿಗೆ ಅಷ್ಟು ಪುರುಸೊತ್ತಿರುವುದಿಲ್ಲ. ಕನ್ನಡದಲ್ಲಿ ಮಾತಾಡುವ ಸಹಾಯವಾಣಿ ಸಿಕ್ಕರೆ ಮಾತಾಡಿ, ಮಾತಾಡಿದ್ದನ್ನು ಕೇಸ್‌ನಲ್ಲೂ ಬರೆದು ಹಾಕಿ. ಉತ್ತರ ಬರುವ ಮುಂಚೆ ದಿನಕ್ಕೊಂದು ಹೊಸ ಕೇಸ್ ತೆರೆಯಬೇಡಿ. ತಿರಸ್ಕರಿಸಿದರೆ ಅದರಲ್ಲಿ ಹೊಸದಾಗಿ ಏನು ಕೇಳಿದ್ದಾರೆ ನೋಡಿ, ಅದಕ್ಕೆ ಮಾತ್ರ ಉತ್ತರ ಕೊಡಿ.

ಈ ನಡುವೆ ‘ನಿಮ್ಮ ಲಿಸ್ಟಿಂಗ್ ಎರಡೇ ಗಂಟೆಯಲ್ಲಿ ಬಿಡಿಸಿಕೊಡ್ತೀವಿ, ಒಟಿಪಿ ಹೇಳಿ’ ಅಂತ ಫೋನ್ ಬಂದರೂ ಬರಬಹುದು. ಸುಮ್ನೆ ಕಟ್ ಮಾಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಳೆಗಾಲದ ಲೆಕ್ಕ ಬೇರೆ

ಪುಷ್ಯ ಮಳೆ ಹಿಡಿದರೆ ನಮ್ಮ ಕಡೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕೊರಿಯರ್ ಗಾಡಿ ಪೇಟೆ ದಾಟಿ ಬರುವುದಿಲ್ಲ. ಆಗ ನೀವೇ ಆರ್ಡರ್ ರದ್ದು ಮಾಡುತ್ತಾ ಹೋದರೆ ಖಾತೆಗೆ ಕಪ್ಪುಚುಕ್ಕೆ. ಸ್ವತಃ ಪಾರ್ಸೆಲ್ ಕಳಿಸುವ ಮಾರಾಟಗಾರರ ರದ್ದತಿ 2.5%ಕ್ಕಿಂತ ಕಡಿಮೆ, ತಡವಾಗಿ ಕಳಿಸಿದ್ದು 4%ಕ್ಕಿಂತ ಕಡಿಮೆ ಇರಬೇಕು ಅನ್ನುವುದು ಅಮೆಜಾನ್‌ನ ಮಿತಿ. ತಿಂಗಳಿಗೆ 40 ಆರ್ಡರ್ ಇರುವವರಿಗೆ ಒಂದೇ ರದ್ದತಿ ಸಾಕು ಗೆರೆ ಮುಟ್ಟಲಿಕ್ಕೆ. ಹಾಗಾಗಿ ಜೂನ್‌ನಲ್ಲೇ ಪಾರ್ಸೆಲ್ ಕಳಿಸುವ ಅವಧಿಯನ್ನು ಎರಡು ದಿನ ಹೆಚ್ಚಿಸಿ ಇಡಿ. ತೀರಾ ಜಾಸ್ತಿಯಾದರೆ ರಜೆ ಸೆಟ್ಟಿಂಗ್ ಒತ್ತಿ ಅಂಗಡಿ ಮುಚ್ಚಿ. ಅದರಿಂದ ಖಾತೆಯ ಅಂಕಕ್ಕೆ ಪೆಟ್ಟಿಲ್ಲ.

ಲಿಸ್ಟಿಂಗ್ ಬಿದ್ದ ದಿನ ಕಂಪನಿಯ ಗೋದಾಮಿನಲ್ಲಿ ನಿಮ್ಮ ಸರಕು ಇದ್ದರೆ ಅದರ ಎಕ್ಸ್‌ಪೈರಿ ತಾರೀಕನ್ನು ಅವತ್ತೇ ನೋಡಿಕೊಳ್ಳಿ. ಗ್ರಾಹಕರ ಕೈಸೇರುವಾಗ ಬಾಳಿಕೆಯ 30% ಅಥವಾ 45 ದಿನ ಉಳಿದಿರಬೇಕು ಅಂತ ಎಫ್‌ಎಸ್‌ಎಸ್‌ಎಐ 2024ರ ನವೆಂಬರ್‌ನಲ್ಲಿ ಆನ್‌ಲೈನ್ ಕಂಪನಿಗಳಿಗೆ ಹೇಳಿದೆ. ಮನವಿ ಎಳೆದಾಡುವಷ್ಟರಲ್ಲಿ ಹಪ್ಪಳ, ಚಿಪ್ಸ್ ಆ ಗೆರೆ ದಾಟಿರುತ್ತವೆ. ಹತ್ತಿರ ಬಂದಿದ್ದರೆ ವಾಪಸ್ ತರಿಸಿ ಸಂತೆಯಲ್ಲೋ ಪರಿಚಯದ ಅಂಗಡಿಯಲ್ಲೋ ಮಾರಿ. ಗೋದಾಮಿನ ಬಾಡಿಗೆ ಅಂತೂ ನಿಲ್ಲುವುದಿಲ್ಲ.

ಲಿಸ್ಟಿಂಗ್ ಮತ್ತೆ ಶುರುವಾಯಿತು ಅಂತ ಮೆಸೇಜ್ ಬಂದ ಕೂಡಲೇ ಸ್ಟಾಕ್ ಸಂಖ್ಯೆ ನೋಡಿ. ಹಳೇ ಲೆಕ್ಕದ 60 ಬಾಟಲಿ ಅಲ್ಲಿ ಹಾಗೇ ಕೂತಿರುತ್ತದೆ, ಅಷ್ಟರಲ್ಲಿ ನೀವು ಅರ್ಧ ಊರಲ್ಲೇ ಮಾರಿರುತ್ತೀರಿ. ಮನೆಯಲ್ಲಿರುವುದನ್ನು ಎಣಿಸಿ ಹಾಕಿದ ಮೇಲೆಯೇ ಆರ್ಡರ್ ತೆಗೆದುಕೊಳ್ಳಿ.