ಗೋಡೆಯ ಲೆಕ್ಕ ಕೇಳಿದರು, ಭಾರ ಇದ್ದದ್ದು ಮೋಲ್ಡಿನಲ್ಲಿ

ಪರಿಸರದ ಕಾಳಜಿ ಇರುವವರು ಮನೆ ಕಟ್ಟಿಸಲು ಬಂದರೆ ಮಾತು ಗೋಡೆಯಿಂದಲೇ ಶುರು. ಸುಟ್ಟ ಇಟ್ಟಿಗೆಯಾ, ಮಣ್ಣಿನ ಬ್ಲಾಕಾ, ಸಿಮೆಂಟ್ ಬ್ಲಾಕಾ? ನಾನು ಸ್ಟ್ರಕ್ಚರಲ್ ಎಂಜಿನಿಯರ್. ಬೆಂಗಳೂರಿನ ಹೊರವಲಯದ ಒಂದು ಎರಡಂತಸ್ತಿನ ಮನೆಯವರು ಇದಕ್ಕೆ ಅಂಕಿಯಲ್ಲೇ ಉತ್ತರ ಬೇಕು ಅಂದರು. ಸಾಮಗ್ರಿ ತಯಾರಾಗುವಲ್ಲಿಂದ ಮನೆ ಕೆಡವುವ ತನಕ ಎಷ್ಟು ಶಕ್ತಿ, ಎಷ್ಟು ಇಂಗಾಲ ಅನ್ನುವ ಲೆಕ್ಕ.

ಮೊದಲು ಅಳತೆಗೋಲು ಗಟ್ಟಿ ಮಾಡಿಕೊಂಡೆ. ‘ಒಂದು ಕೆ.ಜಿ.ಗೆ ಇಷ್ಟು’ ಅಂತ ಹೋಲಿಸಿದರೆ ಪ್ರಯೋಜನವಿಲ್ಲ. ಒಂದು ಬ್ಲಾಕ್ ಹಗುರ, ಇನ್ನೊಂದು ಭಾರ; ಒಂದಕ್ಕೆ ಪ್ಲಾಸ್ಟರ್ ಬೇಕು, ಇನ್ನೊಂದಕ್ಕೆ ಬೇಡ. ಹಾಗಾಗಿ ಗಾರೆ, ಪ್ಲಾಸ್ಟರ್ ಎಲ್ಲ ಸೇರಿ ಒಂದು ಚದರ ಮೀಟರ್ ಗೋಡೆ ಅಂತ ಇಟ್ಟುಕೊಂಡೆ.

ಪರದೇಶದ ಸಾಫ್ಟ್‌ವೇರಿನ ಅಂಕಿಗಳನ್ನು ಸುಮ್ನೆ ತಂದು ಹಾಕಲು ಮನಸ್ಸಾಗಲಿಲ್ಲ. ನಮ್ಮ ಇಟ್ಟಿಗೆ ಗೂಡಿಗೂ ಯುರೋಪಿನ ಕಾರ್ಖಾನೆಗೂ ಏನು ಸಂಬಂಧ? ಭಾರತೀಯ ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಅಂಕಿಗಳು ಕೈಗೆ ಬಂದವು. ಹಳೆಯವು, ಆದರೆ ನಮ್ಮ ನೆಲದವು. ಅವುಗಳ ಪ್ರಕಾರ ಒಂದು ಘನ ಮೀಟರ್ ಸುಟ್ಟ ಇಟ್ಟಿಗೆಯ ಗೋಡೆಗೆ ಸುಮಾರು 2,140 ಮೆಗಾಜೂಲ್ ಶಕ್ತಿ ಬೇಕು. ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿಗೆ ಅದರ ಅರ್ಧವೂ ಬೇಡ, ಗೂಡಿನಲ್ಲಿ ಸುಡುವುದಿಲ್ಲ ಅಲ್ವಾ. ಸಾಗಣೆ ನಾನಂದುಕೊಂಡಷ್ಟು ದೊಡ್ಡದಲ್ಲ. ಇಟ್ಟಿಗೆಯನ್ನು 50 ಕಿ.ಮೀ. ದೂರದಿಂದ ತಂದರೂ ಘನ ಮೀಟರಿಗೆ ಸುಮಾರು 100 ಮೆಗಾಜೂಲ್ ಅಷ್ಟೇ.

ಗೋಡೆಯ ತೀರ್ಪು ಅಲ್ಲಿಗೆ ಮುಗಿಯಬಹುದಿತ್ತು. ಆದರೆ ತಾರಸಿ ಮೋಲ್ಡಿನ ಲೆಕ್ಕ ನೋಡಿದಾಗ ಕಥೆ ಬದಲಾಯಿತು. ಐದು ಇಂಚಿನ ಸ್ಲ್ಯಾಬಿನ ಒಂದು ಚದರ ಮೀಟರಿಗೆ ಹೆಚ್ಚೂಕಮ್ಮಿ 40 ಕೆ.ಜಿ. ಸಿಮೆಂಟ್, 10 ಕೆ.ಜಿ. ಕಂಬಿ. ಅದೇ ಪಟ್ಟಿಯಲ್ಲಿ ಸಿಮೆಂಟಿಗೆ ಕೆ.ಜಿ.ಗೆ 5.85 ಮೆಗಾಜೂಲ್, ಸ್ಟೀಲಿಗೆ 42. ಗುಣಿಸಿದರೆ ಸಿಮೆಂಟಿನದು 234, ಕಂಬಿಯದು 420. ಹಾಗಾದರೆ ಕಂಬಿಯೇ ತಪ್ಪಿತಸ್ಥ ಅನ್ನಿಸುತ್ತದೆ. ಇಂಗಾಲದ ಲೆಕ್ಕ ಹಾಕಿ ನೋಡಿ, ತಿರುವುಮುರುವು! ಒಪಿಸಿ, ಅಂದರೆ ಬೇರೇನೂ ಬೆರೆಸದ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್, ಕೆ.ಜಿ.ಗೆ ಸುಮಾರು 0.9 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಅಂದರೆ 36 ಕೆ.ಜಿ. ಆಯಿತು, ಸ್ಟೀಲ್ 2.5ರ ಲೆಕ್ಕದಲ್ಲಿ 25. ಕಾರಣ, ಸಿಮೆಂಟಿನ ಹೊಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಇಂಧನದಿಂದಲ್ಲ, ಕಾದ ಸುಣ್ಣದ ಕಲ್ಲಿನಿಂದಲೇ. ಹಾಗಾಗಿ ಶಕ್ತಿಯ ಲೆಕ್ಕವನ್ನಷ್ಟೇ ಹಿಡಿದು ಯಾರಾದರೂ ಸಾಮಗ್ರಿ ಆರಿಸಿಕೊಟ್ಟರೆ ನನಗೆ ಅನುಮಾನ. ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಸಿಗುವ ನುಣ್ಣನೆ ಬೂದಿ) ಬೆರೆತ ಪಿಪಿಸಿ ಸಿಮೆಂಟ್ ಬಳಸಿದರೆ ಸಿಮೆಂಟಿನ ಪಾಲು ಚೆನ್ನಾಗಿಯೇ ಇಳಿಯುತ್ತದೆ. ಮೇಸ್ತ್ರಿಗೆ ಅದರಿಂದ ಸಂತೋಷವಿರಲಿಲ್ಲ. ಅದು ಗಟ್ಟಿಯಾಗುವುದು ನಿಧಾನ, ಸೆಂಟ್ರಿಂಗ್ ಹೆಚ್ಚು ದಿನ ಬಿಡಬೇಕಲ್ಲ.

ಗೋಡೆಯನ್ನು ಒಂಟಿಯಾಗಿ ಅಳೆಯಬಾರದು ಅನ್ನುವುದು ಅಲ್ಲಿ ನನಗೆ ಖಚಿತವಾಯಿತು. ಗೋಡೆಯೇ ಭಾರ ಹೊತ್ತರೆ ಕಂಬ, ಬೀಮುಗಳ ಬಹುಪಾಲು ಕಂಬಿಯೇ ಉಳಿತಾಯವಾಗುತ್ತದೆ. ಆ ಉಳಿತಾಯ ಚದರ ಮೀಟರ್ ಗೋಡೆಯ ಲೆಕ್ಕದಲ್ಲಿ ಕಾಣುವುದೇ ಇಲ್ಲ. ವಿಜ್ಞಾನ ಸಂಸ್ಥೆಯ ಅದೇ ಅಧ್ಯಯನದಲ್ಲಿ ಕಾಂಕ್ರೀಟ್ ಫ್ರೇಮಿನ ಬಹುಮಹಡಿ ಕಟ್ಟಡ ಚದರ ಮೀಟರಿಗೆ 4.21 ಗಿಗಾಜೂಲ್ (ಒಂದು ಗಿಗಾಜೂಲ್ ಅಂದರೆ ಸಾವಿರ ಮೆಗಾಜೂಲ್) ತಿಂದಿತ್ತು. ಮಣ್ಣಿನ ಬ್ಲಾಕಿನ ಎರಡಂತಸ್ತಿನ ಕಟ್ಟಡ 1.61. ಎರಡೂ ಒಂದೇ ಬಗೆಯ ಕಟ್ಟಡಗಳಲ್ಲ, ಆದರೂ ದಿಕ್ಕು ಸ್ಪಷ್ಟ. ನಮ್ಮ ಮನೆಗೂ ಮಣ್ಣಿನ ಬ್ಲಾಕಿನ ಭಾರ ಹೊರುವ ಗೋಡೆ ಇಟ್ಟೆವು, ಮೇಲೆ ಫಿಲ್ಲರ್ ಸ್ಲ್ಯಾಬ್, ಅಂದರೆ ಒಂದಿಷ್ಟು ಕಾಂಕ್ರೀಟಿನ ಜಾಗದಲ್ಲಿ ಹಂಚು ಕೂರಿಸಿದ ಸ್ಲ್ಯಾಬ್ ಹಾಕಿದೆವು. ಭೂಕಂಪ ತಡೆಯಲು ಗೋಡೆಗಳನ್ನು ಸುತ್ತಿ ಕಟ್ಟುವ ಕಾಂಕ್ರೀಟ್ ಬ್ಯಾಂಡ್‌ಗಳನ್ನು ಮಾತ್ರ ಬಿಡಲಿಲ್ಲ.

ಕೆಡವುವ ಹಂತ ಬೇಗ ಮುಗಿಯಿತು. ಹಳೆ ಕಂಬಿ ಗುಜರಿಗೆ ಹೋಗುತ್ತದೆ. ಅದರ ಲಾಭವನ್ನು ಮೊತ್ತದಲ್ಲಿ ಕಳೆಯದೆ ಬೇರೆ ಸಾಲಿನಲ್ಲಿ ತೋರಿಸಿದೆ.

ವಾಸದ ವರ್ಷಗಳ ಲೆಕ್ಕದಲ್ಲಿ ಎಲ್ಲರೂ ಕರೆಂಟ್ ನೋಡುತ್ತಾರೆ, ಎಸಿ ಗ್ಯಾಸ್ ಮರೆಯುತ್ತಾರೆ. ಆರ್-410ಎ ಗ್ಯಾಸ್ ಒಂದು ಕೆ.ಜಿ. ಸೋರಿದರೆ ಎರಡು ಟನ್‌ಗೂ ಮಿಕ್ಕಿದ ಕಾರ್ಬನ್ ಡೈಆಕ್ಸೈಡಿಗೆ ಸಮ. ದೇಶದ ಗ್ರಿಡ್ಡಿನಲ್ಲಿ ಯೂನಿಟ್‌ಗೆ ಸುಮಾರು 0.72 ಕೆ.ಜಿ. ಅಂತ ಹಿಡಿದರೆ ಅದು 2,900 ಯೂನಿಟ್ ಕರೆಂಟು. ಆರ್-32 ಆದರೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಅದನ್ನೇ ಹಾಕಿಸಿದೆವು. ಮುಂದೆ ಗ್ಯಾಸ್ ತುಂಬಿಸಿದಾಗಲೆಲ್ಲ ಬಿಲ್ಲಿನ ಫೋಟೋ ಕಳಿಸಿ ಅಂತ ಮನೆಯವರಿಗೆ ಹೇಳಿಟ್ಟಿದ್ದೇನೆ.