ಗೂಟದಂತಿದ್ದ ಆಕೃತಿಗಳು ಬಾಗತೊಡಗಿದ ಬಗೆ

ದಾವಣಗೆರೆಯಲ್ಲಿ ಚಿತ್ರಕಲೆ ಕಲಿಯುತ್ತಿದ್ದಾಗ, ಎದುರಿಗೆ ನಿಂತ ರೂಪದರ್ಶಿಯನ್ನು 2 ನಿಮಿಷಗಳಲ್ಲಿ ಬರೆಯಬೇಕೆಂದರೆ ನನ್ನ ಹಾಳೆಯ ಮೇಲೆ ಪ್ರತಿ ಸಲವೂ ಗೂಟ ನೆಟ್ಟಂತಹ ಆಕೃತಿಯೇ ಮೂಡುತ್ತಿತ್ತು. ಕಣ್ಣು, ಮೂಗಿನಿಂದ ಆರಂಭಿಸಿ ನಾನು ಸೊಂಟ ತಲುಪುವಷ್ಟರಲ್ಲಿ ಭಂಗಿಯೇ ಬದಲಾಗಿರುತ್ತಿತ್ತು.

ಪರಿಹಾರ ಹೊಳೆದದ್ದು ಒಂದು ಮಂಡಕ್ಕಿ ಭಟ್ಟಿಯಲ್ಲಿ. ಒಲೆಯ ಮುಂದೆ ಬಾಗಿ, ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದ ಹಿರಿಯರೊಬ್ಬರ ಒಪ್ಪಿಗೆ ಪಡೆದು ಬರೆಯಲು ಕುಳಿತಾಗ, ಅವರು ಕ್ಷಣವೂ ನಿಲ್ಲದೆ ಚಲಿಸುತ್ತಿದ್ದುದರಿಂದ, ಮುಖವನ್ನು ಕೈಬಿಟ್ಟು, ತಲೆಯಿಂದ ಬೆನ್ನಿನ ಗುಂಟ ಹಿಮ್ಮಡಿಯವರೆಗೆ ಹರಿಯುವ ಒಂದೇ ಬಾಗುಗೆರೆಯನ್ನು ಮೊದಲು ಎಳೆಯುವುದು ಅನಿವಾರ್ಯವಾಯಿತು.

ತರಗತಿಯಲ್ಲಿಯೂ ಇದನ್ನೇ ಅನುಸರಿಸಿದೆ. ಮೊದಲ 30 ಸೆಕೆಂಡುಗಳಲ್ಲಿ ಆ ಗೆರೆ, ಬಳಿಕ ಭುಜ ಮತ್ತು ಸೊಂಟದ ವಾಲಿಕೆ. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತಾಗ ಆ ಬದಿಯ ಸೊಂಟ ಮೇಲೇರಿ, ಅದೇ ಬದಿಯ ಭುಜ ಸಾಮಾನ್ಯವಾಗಿ ಇಳಿಯುತ್ತದೆ. ಗಂಟಲಗುಳಿಯಿಂದ ಇಳಿಬಿಟ್ಟ ಲಂಬರೇಖೆ ಭಾರ ಹೊತ್ತ ಪಾದದ ಬಳಿ ಬೀಳದಿದ್ದರೆ ಆಕೃತಿ ಮುಗ್ಗರಿಸಿದಂತೆ ಕಾಣುತ್ತದೆ. ಪೆನ್ಸಿಲಿನ ಬದಲು ಇದ್ದಿಲು ಕಡ್ಡಿಯನ್ನು ಅಡ್ಡಲಾಗಿ ಹಿಡಿದು, ನಿಂತುಕೊಂಡೇ, ಮಣಿಕಟ್ಟಿನಿಂದಲ್ಲದೆ ಭುಜದಿಂದ ಕೈಯಾಡಿಸಿದೆ. ರಬ್ಬರನ್ನು ಮನೆಯಲ್ಲಿಯೇ ಬಿಟ್ಟೆ; ನಿಜಕ್ಕೂ ಕಷ್ಟವಾದದ್ದು ಇದೊಂದೇ. ಹಾಳೆಯ ಖರ್ಚಿಗೆ ಹೆದರಿ ಹಳೆಯ ದಿನಪತ್ರಿಕೆಗಳ ಮೇಲೆಯೇ ಬರೆದೆ. ಬೆರಳುಗಳು ಇನ್ನೂ ಬದನೆಕಾಯಿಯಂತೆಯೇ ಬರುತ್ತಿವೆಯಾದರೂ, ನಿಂತವರು ಈಗ ನಿಂತಂತೆ, ಬಾಗಿದವರು ಬಾಗಿದಂತೆ ಕಾಣುತ್ತಿದ್ದಾರೆ.